‘ನೋವಿಗೆ ಹಾಗೆ ಆಡುತ್ತಿರಬೇಕು’ ಎನ್ನುವ ಮೊದಲು

ಈ ಸಲ ನರ್ಸಿಂಗ್ ವಿದ್ಯಾರ್ಥಿಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ತೀರ್ಮಾನ ತೆಗೆದುಕೊಳ್ಳುವ ಕಷ್ಟವನ್ನೇ ಕುರಿತವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ. ಉತ್ತರಿಸಿದವರು ಬಹುಕಾಲ ವಾರ್ಡಿನಲ್ಲಿ ದುಡಿದು ಈಗ ಪಾಠ ಹೇಳುತ್ತಿರುವ ಹಿರಿಯ ಶುಶ್ರೂಷಕಿ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಮೇಡಂ, ನಾನು ಎರಡನೆಯ ವರ್ಷದ ವಿದ್ಯಾರ್ಥಿನಿ. ತರಗತಿಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತೇನೆ. ಆದರೆ ‘ನರ್ಸ್ ಮೊದಲು ಏನು ಮಾಡಬೇಕು?’ ಎಂಬಂಥ ಪ್ರಶ್ನೆ ಬಂದರೆ ನಾಲ್ಕು ಆಯ್ಕೆಗಳೂ ಸರಿಯಾಗಿಯೇ ಕಾಣುತ್ತವೆ. ವಾರ್ಡಿನಲ್ಲೂ ಇದೇ ಗತಿ. ಕ್ಲಿನಿಕಲ್ ಜಡ್ಜ್‌ಮೆಂಟ್, ಅಂದರೆ ರೋಗಿಯ ಸ್ಥಿತಿ ನೋಡಿ ಏನು ಮಾಡಬೇಕೆಂದು ತೀರ್ಮಾನಿಸುವ ವಿವೇಚನೆ, ಎನ್ನುವುದನ್ನು ಕಲಿಯಲು ಸಾಧ್ಯವೇ, ಅಥವಾ ಅದು ಕೆಲವರಿಗೆ ಮಾತ್ರ ಒಲಿಯುವಂಥದ್ದೇ?

ಉತ್ತರ: ನಾಲ್ಕೂ ಸರಿಯಾಗಿ ಕಾಣುವುದರಲ್ಲಿ ನಿಮ್ಮ ತಪ್ಪಿಲ್ಲ. ಚೆನ್ನಾಗಿ ಬರೆದ ಪ್ರಶ್ನೆಯಲ್ಲಿ ನಾಲ್ಕೂ ಮಾಡತಕ್ಕ ಕೆಲಸಗಳೇ ಆಗಿರುತ್ತವೆ. ಅಲ್ಲಿ ಕೇಳುತ್ತಿರುವುದು ಯಾವುದು ಸರಿ ಎಂದಲ್ಲ, ಯಾವುದು ಕಾಯಲಾರದು ಎಂದು. ಈ ವ್ಯತ್ಯಾಸ ಮನಸ್ಸಿಗೆ ಇಳಿದ ದಿನ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ಕಲಿಯಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಅಮೆರಿಕದ ನರ್ಸಿಂಗ್ ಅಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ ಅವರು 2006ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಇದನ್ನು ನಾಲ್ಕು ಕ್ರಿಯೆಗಳಾಗಿ ಬಿಡಿಸಿಟ್ಟರು: ಗಮನಿಸುವುದು, ಗಮನಿಸಿದ್ದಕ್ಕೆ ಅರ್ಥ ಕಟ್ಟುವುದು, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು, ನಡೆದುಕೊಂಡದ್ದನ್ನು ಮತ್ತೆ ತಿರುಗಿ ನೋಡುವುದು. ಅಲ್ಲಿನ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ 2023ರ ಏಪ್ರಿಲ್‌ನಿಂದ ಹೊಸ ರೂಪ ತಾಳಿದಾಗ ಇದೇ ಬಗೆಯ ವಿಚಾರಕ್ರಮವನ್ನು ಆರು ಹೆಜ್ಜೆಗಳಾಗಿ ಅಳೆಯತೊಡಗಿತು. ಹೆಜ್ಜೆಗಳ ಎಣಿಕೆ ಎಷ್ಟೇ ಇರಲಿ, ವಿದ್ಯಾರ್ಥಿಗಳು ಮುಗ್ಗರಿಸುವ ಜಾಗ ಬಹುಮಟ್ಟಿಗೆ ಒಂದೇ ಎಂಬುದು ನನ್ನ ಅನುಭವ. ಅವರು ಗಮನಿಸದೆ ಇರುವುದಿಲ್ಲ. ಗಮನಿಸಿದ್ದಕ್ಕೆ ಪರೀಕ್ಷಿಸಿ ನೋಡದೆಯೇ ಮನಸ್ಸಿಗೆ ಹಿತವಾಗುವಂಥ ಒಂದು ಕಾರಣವನ್ನು ಅಂಟಿಸಿ ಮುಂದೆ ಹೋಗುತ್ತಾರೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಪಾಲಿಗೆ ನಾಲ್ವರು ರೋಗಿಗಳಿದ್ದಾರೆ. ಮೂಳೆ ಶಸ್ತ್ರಚಿಕಿತ್ಸೆಯಾದವರೊಬ್ಬರು ನೋವು ಹತ್ತರಲ್ಲಿ ಏಳು ಎನ್ನುತ್ತಿದ್ದಾರೆ. ಇನ್ನೊಬ್ಬರಿಗೆ 38.6 ಡಿಗ್ರಿ ಸೆಲ್ಸಿಯಸ್ ಜ್ವರ. ಇನ್ಸುಲಿನ್ ಪಡೆದ ಮಧುಮೇಹಿಯೊಬ್ಬರು ಬೆವರುತ್ತಿದ್ದು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಮಾತಾಡುತ್ತಿದ್ದಾರೆ. ಅಸ್ತಮಾದ ನಾಲ್ಕನೆಯವರ ಎದೆಯಲ್ಲಿ ಅರ್ಧ ಗಂಟೆಯ ಹಿಂದೆ ದೂರಕ್ಕೇ ಕೇಳುವಂಥ ಸುಂಯ್‌ಗುಟ್ಟುವಿಕೆ ಇತ್ತು. ಈಗ ಅದು ನಿಂತಿದೆ, ಅವರು ಕಣ್ಣು ಮುಚ್ಚಿ ಮಲಗಿದ್ದಾರೆ. ತರಗತಿಯಲ್ಲಿ ಇದನ್ನು ಕೇಳಿದಾಗ ಹಲವರು ಮಧುಮೇಹಿಯ ಕಡೆಗೆ ಓಡುತ್ತಾರೆ, ಏಕೆಂದರೆ ಅಸ್ತಮಾದವರಿಗೆ ‘ಔಷಧಿ ಹಿಡಿದಿದೆ, ನಿದ್ದೆ ಬಂದಿದೆ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಆದರೆ ಸುಂಯ್‌ಗುಟ್ಟುವ ಸದ್ದು ಬರಲೂ ಗಾಳಿ ಓಡಾಡಬೇಕಷ್ಟೆ? ಸದ್ದು ನಿಂತು ಮಂಪರು ಕವಿದಿದ್ದರೆ ಗಾಳಿಯ ಓಡಾಟವೇ ನಿಲ್ಲುತ್ತಿರಬಹುದು. ಮೊದಲು ಅಲ್ಲಿಗೆ ಹೋಗಬೇಕು, ಜೊತೆಗೇ ಸಹಾಯಕ್ಕೆ ಕೂಗಬೇಕು. ಮಧುಮೇಹಿ ಎರಡನೆಯವರು, ಅದೂ ನಿಮಿಷಗಳ ಅಂತರದಲ್ಲಿ. ಸಹೋದ್ಯೋಗಿ ಸಿಕ್ಕರೆ ಏಕಕಾಲದಲ್ಲೇ ನೋಡಿಕೊಳ್ಳಬೇಕು. ಅವರ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರವಿದ್ದರೆ 15 ಗ್ರಾಂ ಸಕ್ಕರೆ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸುವುದು ರೂಢಿಯ ಕ್ರಮ. ನುಂಗಲಾರದವರ ಬಾಯಿಗೆ ಏನನ್ನೂ ಹಾಕಬಾರದು.

ಶ್ವಾಸಮಾರ್ಗ, ಉಸಿರಾಟ, ರಕ್ತ ಸಂಚಾರ ಎಂಬ ಕ್ರಮವನ್ನು ನೀವು ಬಾಯಿಪಾಠ ಮಾಡಿಯೇ ಇರುತ್ತೀರಿ. ‘ಮೊದಲು ಪರೀಕ್ಷೆ, ಆಮೇಲೆ ಕ್ರಿಯೆ’ ಎಂಬುದನ್ನೂ ಕಲಿತಿರುತ್ತೀರಿ. ಎರಡನೆಯದಕ್ಕೆ ಒಂದು ಅಪವಾದವಿದೆ: ಅಪಾಯ ಆಗಲೇ ಕಣ್ಣಿಗೆ ಕಾಣುತ್ತಿದ್ದು, ಅದಕ್ಕೆ ಕಾರಣವಾದದ್ದು ನಿಮ್ಮ ಕೈಯಳತೆಯಲ್ಲೇ ಇದ್ದರೆ ಪರೀಕ್ಷೆಗೆ ಕಾಯಬಾರದು. ರಕ್ತ ಹಾಕಿದ ಕೆಲವೇ ನಿಮಿಷಗಳಲ್ಲಿ ರೋಗಿ ನಡುಗಿ, ಸೊಂಟ ನೋಯುತ್ತಿದೆ ಎಂದರೆ ಬಿ.ಪಿ. ಯಂತ್ರ ಹುಡುಕಿಕೊಂಡು ಹೋಗುವುದಲ್ಲ; ರಕ್ತವನ್ನು ಆ ಕ್ಷಣ ನಿಲ್ಲಿಸಬೇಕು. ಆಮೇಲೆ ಹೊಸ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಹಾಕಿ ರಕ್ತನಾಳದ ದಾರಿಯನ್ನು ತೆರೆದಿಟ್ಟು, ವೈದ್ಯರಿಗೂ ರಕ್ತನಿಧಿಗೂ ತಿಳಿಸಬೇಕು. ರಕ್ತದ ಚೀಲವನ್ನು ಎಸೆಯಬಾರದು, ಅದನ್ನು ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.

ಪ್ರಶ್ನೆ: ನಾನು ಮೂರನೆಯ ವರ್ಷದಲ್ಲಿದ್ದೇನೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರ ಬಿ.ಪಿ. ಸರಿಯಾಗಿದೆ ಎಂದು ನಾನು ಬರೆದಿಟ್ಟ ಒಂದು ಗಂಟೆಯೊಳಗೆ ಅವರನ್ನು ರಕ್ತಸ್ರಾವಕ್ಕಾಗಿ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದರು. ನಾನು ಬರೆದ ಅಂಕಿ ಸುಳ್ಳಲ್ಲ. ಹಾಗಿದ್ದರೆ ನಾನು ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಪತ್ರ ಓದಿ ನನ್ನದೇ ಒಂದು ರಾತ್ರಿ ಪಾಳಿ ನೆನಪಾಯಿತು. ಅದನ್ನೇ ಹೇಳುತ್ತೇನೆ, ಉತ್ತರ ಅದರೊಳಗೇ ಇದೆ.

ನಾನಾಗ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಸುಮಾರು ಅರುವತ್ತು ಕಿಲೋ ತೂಕದ ಒಬ್ಬರು, ಅಂದೇ ಮಧ್ಯಾಹ್ನ ಹೊಟ್ಟೆಯ ಆಪರೇಷನ್ ಆದವರು. ಸಂಜೆ ಆರಕ್ಕೆ ನಾಡಿ 84, ಬಿ.ಪಿ. 124/76. ಎಂಟಕ್ಕೆ ನಾಡಿ 98, ಬಿ.ಪಿ. 120/80. ಒಂಬತ್ತೂವರೆಗೆ ನಾಡಿ 116, ಬಿ.ಪಿ. 114/86. ಅವರು ಹೊದಿಕೆಯನ್ನು ಎಳೆದುಕೊಳ್ಳುವುದು, ಒದ್ದು ತೆಗೆಯುವುದು, ‘ಸಿಸ್ಟರ್, ಕಿಟಕಿ ತೆಗೀರಿ’ ಎನ್ನುವುದು, ತೆಗೆದ ಮೇಲೆ ಚಳಿ ಎನ್ನುವುದು, ಹೀಗೆ ಮಾಡುತ್ತಲೇ ಇದ್ದರು. ‘ನೋವಿಗೆ ಹಾಗೆ ಆಡುತ್ತಿರಬೇಕು’ ಎಂದುಕೊಂಡೆ. ನೋವಿಗೆ ನಾಡಿ ಏರುವುದೂ ಉಂಟಷ್ಟೆ. ಹೊಟ್ಟೆಯೊಳಗಿನ ರಕ್ತ, ದ್ರವ ಹೊರಬರಲೆಂದು ಇಟ್ಟ ಕೊಳವೆಯ, ಅಂದರೆ ಡ್ರೈನಿನ, ಬಾಟಲಿಯಲ್ಲಿ ಹೆಚ್ಚೇನೂ ಬಂದಿರಲಿಲ್ಲ. ಅದೂ ನನ್ನ ಸಮಾಧಾನಕ್ಕೆ ಆಸರೆಯಾಯಿತು. ಉಸಿರಿನ ಕಲಂನಲ್ಲಿ ಹಿಂದಿನ ಸಾಲಿನಲ್ಲಿದ್ದ 18ನ್ನೇ ನೋಡಿ ಮತ್ತೆ 18 ಎಂದು ಬರೆದೆ. ಎಣಿಸಿರಲಿಲ್ಲ.

ಸುತ್ತು ಹಾಕುತ್ತ ಬಂದ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ನೋಡಲಿಲ್ಲ. ಅವರು ರೋಗಿಯ ಮೊಣಕಾಲಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಬಗ್ಗಿ ಮೂತ್ರದ ಚೀಲ ನೋಡಿದರು: ಎರಡು ಗಂಟೆಗೆ 35 ಮಿಲಿಲೀಟರ್. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು: 24. ನನ್ನನ್ನು ಬಯ್ಯಲೂ ಇಲ್ಲದೆ ಫೋನಿನ ಕಡೆ ನಡೆದರು. ಅವರು ನಡೆದ ರಭಸವೇ ಬೈಗುಳಕ್ಕಿಂತ ಹೆಚ್ಚು ನಾಟಿತು.

ಈಗ ಅಂಕಿಗಳನ್ನು ಬಿಡಿಬಿಡಿಯಾಗಿ ಅಲ್ಲ, ಸಾಲಾಗಿ ನೋಡಿ. ನಾಡಿ ಏರುತ್ತಿದೆ. ಬಿ.ಪಿ.ಯ ಮೇಲಿನ ಅಂಕಿ ಸ್ವಲ್ಪವೇ ಇಳಿದಿದೆ, ಕೆಳಗಿನದು ಏರಿದೆ. ಎರಡರ ನಡುವಿನ ಅಂತರ ಮೊದಲು 48 ಇದ್ದದ್ದು 40ಕ್ಕೆ ಬಂದು, ಕೊನೆಗೆ 28ಕ್ಕೆ ಕುಗ್ಗಿದೆ. ರಕ್ತ ಸೋರಿದಾಗ ದೇಹ ಕೂಡಲೇ ಸೋಲೊಪ್ಪುವುದಿಲ್ಲ. ಹೃದಯದ ಬಡಿತವನ್ನು ಹೆಚ್ಚಿಸಿ, ಚರ್ಮ ಮತ್ತು ಮೂತ್ರಪಿಂಡಗಳಿಗೆ ಹೋಗುವ ರಕ್ತನಾಳಗಳನ್ನು ಬಿಗಿಗೊಳಿಸಿ, ಮಿದುಳಿಗೂ ಹೃದಯಕ್ಕೂ ಬೇಕಾದ ಒತ್ತಡವನ್ನು ಹೇಗೋ ಕಾಪಾಡಿಕೊಳ್ಳುತ್ತದೆ. ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಕೆಳಗಿನ ಅಂಕಿ ಏರುವುದು, ಎಲ್ಲವೂ ಆ ಹೋರಾಟದ ಗುರುತುಗಳು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ ಎಂದುಕೊಂಡರೆ, ಪಠ್ಯದ ಲೆಕ್ಕದಂತೆ ಅದರಲ್ಲಿ ಶೇಕಡ 30ರಷ್ಟು, ಅಂದರೆ ಒಂದೂವರೆ ಲೀಟರ್, ಹೋಗುವವರೆಗೂ ಬಿ.ಪಿ.ಯ ಮೇಲಿನ ಅಂಕಿ ಸಾಮಾನ್ಯ ಮಟ್ಟದಲ್ಲೇ ಉಳಿಯಬಹುದು. ಬಿ.ಪಿ. ಬಿದ್ದ ಮೇಲೆ ಎಚ್ಚೆತ್ತುಕೊಂಡವರು ತೀರ ತಡವಾಗಿ ಎಚ್ಚೆತ್ತಿದ್ದಾರೆ ಎಂದೇ ಅರ್ಥ. ವಯಸ್ಕರಲ್ಲಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ ಅರ್ಧ ಮಿಲಿಲೀಟರ್ ಮೂತ್ರ ಬರಬೇಕು. ಆ ರೋಗಿಗೆ ಎರಡು ಗಂಟೆಗೆ 60 ಬರಬೇಕಿತ್ತು. ಡ್ರೈನ್ ಖಾಲಿ ಇದ್ದದ್ದು ರಕ್ತ ಸೋರುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಾಗಿರಲಿಲ್ಲ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇಲ್ಲಿ ಇನ್ನೂ ಒಂದು ಸಂಗತಿ ಇದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಎಂಬ ಮುನ್ನೆಚ್ಚರಿಕೆ ಅಂಕಪದ್ಧತಿಯನ್ನು ನೀವು ಓದಿರಬಹುದು. ಉಸಿರು, ಆಮ್ಲಜನಕದ ಮಟ್ಟ, ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದೇವೆಯೇ ಎಂಬುದು, ಬಿ.ಪಿ., ನಾಡಿ, ಪ್ರಜ್ಞೆ, ತಾಪ, ಇವಕ್ಕೆ ಅಂಕ ಕೊಟ್ಟು ಕೂಡುತ್ತಾರೆ. ಮೊತ್ತ 5 ಆದರೆ ತುರ್ತಾಗಿ ವೈದ್ಯರು ನೋಡಬೇಕು, 7 ಆದರೆ ಅತಿ ತುರ್ತು. ಆ ರಾತ್ರಿಯ ರೋಗಿಗೆ ಇದನ್ನು ಈಗ ಅನ್ವಯಿಸಿದರೆ ನಾಡಿಗೆ 2, ಸರಿಯಾಗಿ ಎಣಿಸಿದ ಉಸಿರಿಗೆ 2, ಒಟ್ಟು 4. ನಾನು ಬರೆದ ಸುಳ್ಳು 18ಕ್ಕೆ ಸೊನ್ನೆ. ಆಗ ಮೊತ್ತ ಬರೀ 2. ಅಂದರೆ ಪ್ರಾಮಾಣಿಕವಾಗಿ ಎಣಿಸಿದ್ದರೂ ಅಂಕ ಗಡಿ ಮುಟ್ಟುತ್ತಿರಲಿಲ್ಲ. ಅಂಕಪದ್ಧತಿ ಬಹಳ ಉಪಯುಕ್ತ, ನಾನು ಅದರ ಪಕ್ಷದವಳೇ. ಆದರೆ ತಣ್ಣಗಿನ ಮೊಣಕಾಲಿಗೆ ಅದರಲ್ಲಿ ಕಲಂ ಇಲ್ಲ. ಅಂಕ ಕಡಿಮೆ ಇದ್ದರೂ ನರ್ಸ್‌ಗೆ ಆತಂಕವಿದ್ದರೆ ಕರೆಯಬಹುದು, ಕರೆಯಬೇಕು. ಅದು ವೈದ್ಯಕೀಯ ವಿವೇಚನೆಯ ಬದಲಿಯಲ್ಲ, ಸಹಾಯಕ ಮಾತ್ರ ಎಂದು ಆ ಪದ್ಧತಿಯನ್ನು ರೂಪಿಸಿದವರೇ ಹೇಳಿದ್ದಾರೆ.

ಆದ್ದರಿಂದ ನೀವು ಬರೆದ ಅಂಕಿ ಸುಳ್ಳಲ್ಲ, ಅದು ಒಂಟಿ. ಹಿಂದಿನ ಎರಡು ಸಾಲುಗಳ ಪಕ್ಕದಲ್ಲಿಟ್ಟು ಓದಿದ್ದರೆ ಅದು ಬೇರೆಯೇ ಮಾತಾಡುತ್ತಿತ್ತು. ಒಂದು ಎಚ್ಚರಿಕೆ: ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ರಕ್ತ ಸೋರಿದರೂ ನಾಡಿ ಏರದಿರಬಹುದು. ವಯಸ್ಸಾದವರಲ್ಲಿ ಗಂಭೀರ ಸೋಂಕಿದ್ದರೂ ಜ್ವರ ಬಾರದೆ, ನಿನ್ನೆ ಮಗಳ ಹೆಸರು ಹೇಳಿದವರು ಇಂದು ತಡವರಿಸುವುದೊಂದೇ ಸುಳಿವಾಗಿರಬಹುದು. ಅದಕ್ಕೂ ನಮ್ಮಲ್ಲಿ ‘ವಯಸ್ಸಾಯಿತಲ್ಲ’ ಎಂಬ ಸಮಾಧಾನ ತಯಾರಿರುತ್ತದೆ.

ಪ್ರಶ್ನೆ: ರಾತ್ರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ ‘ಇಷ್ಟಕ್ಕೆಲ್ಲ ಎಬ್ಬಿಸುತ್ತೀರಾ?’ ಎಂದು ರೇಗುತ್ತಾರೆ. ನನಗೆ ಮಾತು ತೊದಲುತ್ತದೆ. ಹೇಗೆ ಹೇಳಬೇಕು?

ಉತ್ತರ: ನಿದ್ದೆಯಿಂದ ಎದ್ದವರಿಗೆ ‘ಪೇಶೆಂಟ್ ಯಾಕೋ ಸರಿ ಇಲ್ಲ ಸರ್’ ಎಂದರೆ ಅವರು ಏನು ತಾನೇ ಮಾಡಿಯಾರು? ರೇಗುವುದು ಸರಿಯೆಂದು ನಾನು ಹೇಳುತ್ತಿಲ್ಲ. ರೇಗಲು ಅವಕಾಶ ಕೊಡದಂತೆ ಮಾತಾಡುವ ವಿಧಾನವೊಂದಿದೆ. ಅದರ ಹೆಸರು ಎಸ್‌ಬಾರ್. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಈ ಕ್ರಮವನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಸಂಸ್ಥೆಯವರು ಆಸ್ಪತ್ರೆಗೆ ಹೊಂದಿಸಿಕೊಂಡರು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು, ಇಷ್ಟನ್ನು ಇದೇ ಕ್ರಮದಲ್ಲಿ ಹೇಳುವುದು. ಮೇಲೆ ಹೇಳಿದ ರೋಗಿಯನ್ನೇ ತೆಗೆದುಕೊಂಡರೆ ಹೀಗೆ:

‘ಸರ್, ಸರ್ಜಿಕಲ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡುತ್ತಿದ್ದೇನೆ. ಹನ್ನೆರಡನೇ ಹಾಸಿಗೆಯವರಿಗೆ ಒಳಗೆ ರಕ್ತ ಸೋರುತ್ತಿದೆ ಎಂಬ ಅನುಮಾನಕ್ಕೆ ಫೋನ್ ಮಾಡಿದೆ. ಮಧ್ಯಾಹ್ನ ಹೊಟ್ಟೆಯ ಆಪರೇಷನ್ ಆಗಿದೆ. ಆರು ಗಂಟೆಗೆ 84 ಇದ್ದ ನಾಡಿ ಈಗ 116, ಬಿ.ಪಿ. 114/86, ಉಸಿರು 24, ಎರಡು ಗಂಟೆಯಲ್ಲಿ ಮೂತ್ರ 35 ಮಿಲಿಲೀಟರ್, ಕೈಕಾಲು ತಣ್ಣಗಿವೆ, ಚಡಪಡಿಸುತ್ತಿದ್ದಾರೆ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ಆಮ್ಲಜನಕ ಹಾಕಿ, ಎರಡನೇ ಕ್ಯಾನುಲಾ ಹಾಕಿ, ರಕ್ತದ ಕ್ರಾಸ್‌ಮ್ಯಾಚಿಗೆ ಕಳುಹಿಸಲೇ?’

(ಕ್ಯಾನುಲಾ ಎಂದರೆ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಕ್ರಾಸ್‌ಮ್ಯಾಚ್ ಎಂದರೆ ಕೊಡಲಿರುವ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ.) ಇದನ್ನು ಹೇಳಲು ಒಂದು ನಿಮಿಷವೂ ಬೇಡ. ಯಾರೆಂದು ಹೇಳಿದ ಮರುವಾಕ್ಯದಲ್ಲೇ ಅನುಮಾನವನ್ನು ಹೆಸರಿಟ್ಟು ಹೇಳಿದ್ದನ್ನು ಗಮನಿಸಿ. ‘ರೋಗ ಹೆಸರಿಸುವುದು ನಮ್ಮ ಕೆಲಸವಲ್ಲ’ ಎಂಬ ಸಂಕೋಚದಿಂದ ನರ್ಸ್‌ಗಳು ಅಂಕಿಗಳನ್ನು ಮಾತ್ರ ಒಪ್ಪಿಸಿ, ಮುಖ್ಯ ಮಾತನ್ನು ನುಂಗಿಬಿಡುತ್ತಾರೆ. ಅನುಮಾನ ಹೇಳುವುದು ರೋಗನಿರ್ಣಯ ಮಾಡಿದಂತಲ್ಲ. ಫೋನಿನಲ್ಲಿ ಕೊಟ್ಟ ಆದೇಶವನ್ನು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಸಿಕೊಳ್ಳಿ. ಬರಲು ಒಪ್ಪದಿದ್ದರೆ ‘ಸರ್, ನನಗೆ ಧೈರ್ಯವಾಗುತ್ತಿಲ್ಲ, ಇದು ರೋಗಿಯ ಸುರಕ್ಷತೆಯ ಪ್ರಶ್ನೆ’ ಎಂದು ಅದೇ ಶಬ್ದಗಳಲ್ಲಿ ಹೇಳಿ. ಆಗಲೂ ಆಗದಿದ್ದರೆ ಇನ್‌ಚಾರ್ಜ್ ಮೂಲಕ ಮೇಲಿನ ವೈದ್ಯರಿಗೆ ಹೋಗಬೇಕು. ಕರೆದ ಸಮಯ, ಯಾರನ್ನು ಕರೆದಿರಿ, ಅವರು ಏನೆಂದರು, ಮೂರೂ ಟಿಪ್ಪಣಿಯಲ್ಲಿರಲಿ.

ಪ್ರಶ್ನೆ: ಬರೆದ ಔಷಧಿ ಸರಿಯಿಲ್ಲವೆನಿಸಿದರೂ ಹಿರಿಯ ಸಿಸ್ಟರ್ ‘ಆರ್ಡರ್ ಇದೆಯಲ್ಲ, ಕೊಡು’ ಎನ್ನುತ್ತಾರೆ. ವಿದ್ಯಾರ್ಥಿಯಾದ ನಾನು ಎದುರು ಮಾತಾಡುವುದು ಹೇಗೆ?

ಉತ್ತರ: ಆದೇಶ ಇದೆ ಎಂಬುದು ಔಷಧಿ ಕೊಟ್ಟ ಕೈಯನ್ನು ಹೊಣೆಯಿಂದ ಬಿಡಿಸುವುದಿಲ್ಲ. ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನೂ ನೋಡಿಯಾದ ಮೇಲೆ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ: ಬರೆದಾಗ ಸರಿಯಾಗಿದ್ದದ್ದು ಈ ಗಳಿಗೆಯಲ್ಲೂ ಸರಿಯೇ? ಬೆಳಿಗ್ಗೆ ಬರೆದ ಇನ್ಸುಲಿನ್ ಬೆಳಿಗ್ಗೆ ಸರಿಯಾಗಿತ್ತು. ಮಧ್ಯಾಹ್ನ ರೋಗಿ ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಅದೇ ಪ್ರಮಾಣ ಅಪಾಯಕಾರಿ. ಹೃದಯದ ಔಷಧಿಯಾದ ಡಿಗಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ನಿಮಿಷ ಎಣಿಸಿ, ವಯಸ್ಕರಲ್ಲಿ ಬಡಿತ 60ಕ್ಕಿಂತ ಕಡಿಮೆ ಇದ್ದರೆ ತಡೆಹಿಡಿದು ವೈದ್ಯರಿಗೆ ತಿಳಿಸುವುದು ಸಾಮಾನ್ಯ ನಿಯಮ. ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ತಳ್ಳುವಂತಿಲ್ಲ, ಯಾರು ಹೇಳಿದರೂ ತಳ್ಳುವಂತಿಲ್ಲ, ಹೃದಯ ನಿಂತುಹೋಗುತ್ತದೆ. ಮಾರ್ಫಿನ್ ಪಡೆದವರಲ್ಲಿ ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ‘ಪಾಪ, ನೋವು ಕಡಿಮೆಯಾಗಿ ಮಲಗಿದ್ದಾರೆ’ ಎಂದು ಬಾಗಿಲಿನಿಂದಲೇ ನೋಡಿ ಹೋಗದೆ, ಹತ್ತಿರ ಹೋಗಿ ಎಬ್ಬಿಸಿ ನೋಡಬೇಕು.

ಕೈಬರಹದ ಬಗ್ಗೆಯೂ ಒಂದು ಮಾತು. ಇನ್ಸುಲಿನ್ ಪ್ರಮಾಣದ ಮುಂದೆ ‘ಯೂನಿಟ್’ ಎಂದು ಪೂರ್ತಿ ಬರೆಯುವ ಬದಲು ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗುತ್ತದೆ. ಓದುವಾಗ ಅನುಮಾನ ಬಂದರೆ ಬರೆದವರನ್ನೇ ಕೇಳಿ, ಪಕ್ಕದವರನ್ನಲ್ಲ. ಪಕ್ಕದವರು ಹೇಳುವುದು ಅವರ ಊಹೆಯನ್ನು.

ಹಿರಿಯರ ವಿಷಯಕ್ಕೆ ಬರೋಣ. ‘ಕೊಡುವುದಿಲ್ಲ’ ಎಂದರೆ ಜಗಳ. ‘ಸಿಸ್ಟರ್, ಬಡಿತ 52 ಇದೆ, ಕೊಡುವ ಮೊದಲು ನೀವೂ ಒಮ್ಮೆ ಎಣಿಸುತ್ತೀರಾ?’ ಎಂದರೆ ವಿನಯಕ್ಕೂ ಕುಂದಿಲ್ಲ, ರೋಗಿಗೂ ಕೇಡಿಲ್ಲ. ಅವರು ಎಣಿಸಲೂ ಒಪ್ಪದಿದ್ದರೆ ಔಷಧಿಯನ್ನು ಟ್ರೇಯಲ್ಲೇ ಬಿಟ್ಟು ನಿಮ್ಮ ಟ್ಯೂಟರನ್ನು ಕರೆಯಿರಿ. ವಿದ್ಯಾರ್ಥಿಗೆ ಮೇಲ್ವಿಚಾರಕರು ಇರುವುದೇ ಇದಕ್ಕಾಗಿ.

ಪ್ರಶ್ನೆ: ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಏನೂ ಆಗಲಿಲ್ಲ. ಯಾರಿಗೂ ಗೊತ್ತಿಲ್ಲ. ಹೇಳಲೇಬೇಕೇ?

ಉತ್ತರ: ಹೇಳಲೇಬೇಕು, ಇವತ್ತೇ. ‘ಏನೂ ಆಗಲಿಲ್ಲ’ ಎಂಬುದು ನಿಮಗೆ ಈವರೆಗೆ ತಿಳಿದಷ್ಟು ಮಾತ್ರ. ಆ ಮಾತ್ರೆಯ ಪರಿಣಾಮ ಎಷ್ಟು ಗಂಟೆ ಉಳಿಯುತ್ತದೆ, ಏನನ್ನು ಗಮನಿಸುತ್ತಿರಬೇಕು ಎಂಬುದನ್ನು ವೈದ್ಯರು ನಿರ್ಧರಿಸಬೇಕಲ್ಲವೇ? ಮಾತ್ರೆ ತಪ್ಪಿದ ಇನ್ನೊಬ್ಬ ರೋಗಿಯನ್ನೂ ಮರೆಯಬೇಡಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವರು ಅವಘಡಗಳನ್ನು ತೂತುಗಳಿರುವ ಚೀಸ್ ಹೋಳುಗಳ ಸಾಲಿಗೆ ಹೋಲಿಸಿದ್ದರು: ಪ್ರತಿ ಹೋಳೂ ಒಂದು ರಕ್ಷಣೆ, ತೂತುಗಳು ಒಂದೇ ಸಾಲಿಗೆ ಬಂದಾಗ ಅಪಾಯ ಅವನ್ನೆಲ್ಲ ದಾಟಿ ರೋಗಿಯನ್ನು ಮುಟ್ಟುತ್ತದೆ. ನಿಮ್ಮದೊಂದು ತೂತು. ಉಳಿದವು ಯಾವುವೆಂದು ನೀವು ಬರೆದರೆ ಮಾತ್ರ ಗೊತ್ತಾಗುತ್ತದೆ. ವರದಿಯಲ್ಲಿ ‘ಗಮನವಿಲ್ಲದೆ ತಪ್ಪಾಯಿತು, ಕ್ಷಮಿಸಿ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಇಬ್ಬರ ಹೆಸರೂ ಒಂದೇ ಥರ ಇತ್ತೇ, ಕೈಪಟ್ಟಿ ನೋಡಿದಿರಾ, ಹೆಸರಿನ ಜೊತೆ ಎರಡನೆಯ ಗುರುತನ್ನು ಕೇಳಿದಿರಾ, ಮಾತ್ರೆ ತೆಗೆಯುತ್ತಿರುವಾಗ ಯಾರಾದರೂ ಕರೆದರೇ, ಇವನ್ನು ಬರೆಯಿರಿ.

ಪ್ರಶ್ನೆ: ಅನುಭವ ಬರುವವರೆಗೆ ಕಾಯುವುದೊಂದೇ ದಾರಿಯೇ? ದಿನವೂ ಮಾಡಬಹುದಾದ ಅಭ್ಯಾಸ ಏನಾದರೂ ಇದೆಯೇ?

ಉತ್ತರ: ಹೊಸಬರು ನಿಯಮವನ್ನು ಹಿಡಿದು ನಡೆಯುತ್ತಾರೆ, ಪಳಗಿದವರು ಸನ್ನಿವೇಶವನ್ನು ಇಡಿಯಾಗಿ ಗ್ರಹಿಸುತ್ತಾರೆ ಎಂಬುದನ್ನು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲೇ ಐದು ಹಂತಗಳಾಗಿ ವಿವರಿಸಿದ್ದಾರೆ. ಆದರೆ ವರ್ಷಗಳು ಕಳೆದ ಮಾತ್ರಕ್ಕೆ ಹಂತ ಏರುವುದಿಲ್ಲ. ಇಪ್ಪತ್ತು ವರ್ಷ ದುಡಿದೂ ಎಣಿಸದೆ 18 ಬರೆಯುವವರನ್ನು ನಾನು ಕಂಡಿದ್ದೇನೆ.

ಪಾಳಿ ಆರಂಭವಾದಾಗ ಕಡತ ತೆರೆಯುವ ಮೊದಲು ರೋಗಿಯ ಕಾಲ ಬಳಿ ಅರ್ಧ ನಿಮಿಷ ನಿಂತು ಬಣ್ಣ, ಉಸಿರು, ಮಲಗಿದ ಭಂಗಿ ನೋಡಿ. ‘ಇವರ ಸ್ಥಿತಿ ಈ ಪಾಳಿಯಲ್ಲಿ ಕೆಡುವುದಾದರೆ ಹೇಗೆ ಕೆಡಬಹುದು, ಅದರ ಮೊದಲ ಸುಳಿವು ಯಾವುದು?’ ಎಂದು ಜೇಬಿನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳಿ. ಪಾಳಿ ಮುಗಿದಾಗ ಆ ಸಾಲನ್ನು ಮತ್ತೆ ಓದಿ. ಊಹೆ ತಪ್ಪಾದ ದಿನಗಳ ಸಾಲುಗಳನ್ನು ಹರಿದು ಹಾಕಬೇಡಿ. ಮತ್ತೆ, ಉಸಿರು ಎಣಿಸುತ್ತೇನೆಂದು ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರಾಟದ ಗತಿಯೇ ಬದಲಾಗುತ್ತದೆ. ನಾಡಿ ಎಣಿಸಿಯಾದ ಮೇಲೂ ಮಣಿಕಟ್ಟಿನ ಮೇಲಿಟ್ಟ ಬೆರಳನ್ನು ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವರಂತೆ ನಿಂತು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ.